ಕಿರ್ಬಿ: ಮುದ್ದು ಮುಖ, ಕತ್ತಲ ಕಥೆ – ಪದೇ ಪದೇ ಕೇಳುವ ಪ್ರಶ್ನೆಗಳು

ಕಿರ್ಬಿ ಅನ್ನುವ ವಿಡಿಯೋ ಗೇಮ್ ಸರಣಿಯ ಮಾತು ಬಂದರೆ ಎರಡು ಥರದ ಜನ ಸಿಗುತ್ತಾರೆ. "ಅದು ಚಿಕ್ಕ ಮಕ್ಕಳ ಗೇಮ್ ಅಲ್ವಾ" ಅನ್ನುವವರು ಒಂದು ಕಡೆ. "ಕೊನೇ ಬಾಸ್ (ಕೊನೆಗೆ ಎದುರಾಗುವ ದೊಡ್ಡ ಶತ್ರು) ನೋಡಿದೀಯಾ ನೀನು?" ಅಂತ ಕಣ್ಣು ದೊಡ್ಡದು ಮಾಡುವವರು ಇನ್ನೊಂದು ಕಡೆ. ಇಬ್ಬರ ಮಾತೂ ನಿಜ. ಇಬ್ಬರೂ ಕೇಳುವ, ಇಬ್ಬರನ್ನೂ ಕೇಳುವ ಪ್ರಶ್ನೆಗಳನ್ನು ಇಲ್ಲಿ ಹಾಕಿದ್ದೇನೆ. ಕಥೆಯ ಗುಟ್ಟುಗಳೆಲ್ಲ ಬಯಲಾಗುತ್ತವೆ. ಇನ್ನೂ ಆಡದವರು ಮೊದಲ ಕೆಲವು ಪ್ರಶ್ನೆ ಓದಿ ಎದ್ದುಬಿಡಿ, ಆಡಿ ಮುಗಿಸಿ ವಾಪಸ್ ಬನ್ನಿ.

ಕಿರ್ಬಿ ಯಾರು? ಈ ಸರಣಿ ಶುರುವಾಗಿದ್ದು ಯಾವಾಗ?

ಗುಲಾಬಿ ಬಣ್ಣದ ಒಂದು ಉಂಡೆ. ಎರಡು ಕೈ, ಎರಡು ಕೆಂಪು ಪಾದ. ಬಾಯಿ ತೆರೆದರೆ ಎದುರಿಗೆ ಇದ್ದದ್ದೆಲ್ಲ ಒಳಗೆ. ಗಾಳಿ ತುಂಬಿಕೊಂಡು ಹಾರುತ್ತಾನೆ. ಮೊದಲ ಆಟ 'ಕಿರ್ಬೀಸ್ ಡ್ರೀಮ್ ಲ್ಯಾಂಡ್' 1992ರಲ್ಲಿ ನಿಂಟೆಂಡೊದ ಕೈಯಲ್ಲಿ ಹಿಡಿದು ಆಡುವ ಸಾಧನ ಗೇಮ್ ಬಾಯ್‌ಗೆ ಬಂತು. ಮಾಡಿದ್ದು ಜಪಾನಿನ ಹ್ಯಾಲ್ ಲ್ಯಾಬೊರೇಟರಿ, ಹೊರತಂದಿದ್ದು ನಿಂಟೆಂಡೊ. ಕಿರ್ಬಿಯನ್ನು ರೂಪಿಸಿದ ಮಸಾಹಿರೊ ಸಕುರಾಯ್‌ಗೆ ಆಗ ಇನ್ನೂ ಇಪ್ಪತ್ತರ ಆಸುಪಾಸು ವಯಸ್ಸು.

ಆ ಉಂಡೆಯನ್ನು ಮೊದಲು ಬರೆದದ್ದು ತಾತ್ಕಾಲಿಕವಾಗಿ. ನಿಜವಾದ ನಾಯಕನ ಚಿತ್ರ ತಯಾರಾಗುವವರೆಗೆ ಸುಮ್ನೆ ಓಡಾಡಿಕೊಂಡಿರಲಿ ಅಂತ ಇಟ್ಟಿದ್ದರು. ಆಡ್ತಾ ಆಡ್ತಾ ಅದೇ ಇಷ್ಟವಾಗಿ ಅದನ್ನೇ ಉಳಿಸಿಕೊಂಡರು. ಆಗ ಅವನ ಹೆಸರು ಪೊಪೊಪೊ.

ಹಾಗಾದರೆ ಕಿರ್ಬಿ ಅನ್ನೋ ಹೆಸರು ಎಲ್ಲಿಂದ ಬಂತು?

ಅದರಲ್ಲಿ ಒಬ್ಬ ವಕೀಲರ ಪಾಲಿದೆ. ಡಾಂಕಿ ಕಾಂಗ್ ಆಟದ ವಿಷಯದಲ್ಲಿ ಯೂನಿವರ್ಸಲ್ ಸ್ಟುಡಿಯೋಸ್ ನಿಂಟೆಂಡೊ ಮೇಲೆ ಕೇಸ್ ಹಾಕಿತ್ತು. ನಿಂಟೆಂಡೊ ಪರ ವಾದಿಸಿ ಗೆಲ್ಲಿಸಿದವರು ಜಾನ್ ಕಿರ್ಬಿ. ಹೆಸರುಗಳ ಪಟ್ಟಿಯಲ್ಲಿ ಇದೂ ಇತ್ತು, ಅವರ ನೆನಪೂ ಸೇರಿ ಇದೇ ನಿಂತಿತು.

ಇನ್ನು ಬಣ್ಣ. ಗೇಮ್ ಬಾಯ್ ಪರದೆಯಲ್ಲಿ ಬಣ್ಣವೇ ಇರಲಿಲ್ಲ. ಸಕುರಾಯ್ ಮನಸ್ಸಿನಲ್ಲಿ ಗುಲಾಬಿ ಇತ್ತು, ನಿಂಟೆಂಡೊದ ಮಿಯಾಮೊಟೊ (ಮಾರಿಯೊ ಆಟ ರೂಪಿಸಿದವರು) ಹಳದಿ ಅಂದುಕೊಂಡಿದ್ದರು, ಅಮೆರಿಕದ ಡಬ್ಬದ ಮೇಲೆ ಕಿರ್ಬಿ ಪೂರ್ತಿ ಬಿಳಿಯಾಗಿ ಬಂದ. ದೆವ್ವದ ಮರಿ ಥರ ಕಾಣುತ್ತಿದ್ದ.

ಶತ್ರುವನ್ನು ನುಂಗಿ ಶಕ್ತಿ ಪಡೆಯೋದು ಹೇಗೆ?

ಮೊದಲ ಆಟದಲ್ಲಿ ಇದು ಇರಲೇ ಇಲ್ಲ. ಎಳೆದುಕೊಳ್ಳಬೇಕು, ನಕ್ಷತ್ರ ಮಾಡಿ ಉಗುಳಬೇಕು, ಅಷ್ಟೇ. 1993ರ 'ಕಿರ್ಬೀಸ್ ಅಡ್ವೆಂಚರ್'ನಲ್ಲಿ ಕಾಪಿ ಶಕ್ತಿ ಬಂತು. ಶತ್ರುವನ್ನು ಬಾಯಿಗೆ ಎಳೆದುಕೊಂಡು ಕೆಳಗಿನ ಬಟನ್ ಒತ್ತಿದರೆ ನುಂಗುತ್ತಾನೆ. ನುಂಗಿದವನ ಶಕ್ತಿ ಇವನದಾಗುತ್ತದೆ. ಕತ್ತಿಯವನನ್ನು ನುಂಗಿದರೆ ಸೋರ್ಡ್, ಬೆಂಕಿಯವನನ್ನು ನುಂಗಿದರೆ ಫೈರ್. ಬಡಪಾಯಿ ವಾಡಲ್ ಡೀ ನುಂಗಿದರೆ ಏನೂ ಸಿಗಲ್ಲ.

ಏಟು ತಿಂದರೆ ಶಕ್ತಿ ನಕ್ಷತ್ರವಾಗಿ ಹೊರಗೆ ಹಾರಿ ಪುಟಿಯುತ್ತದೆ. ಮಾಯವಾಗುವುದರೊಳಗೆ ಓಡಿ ಮತ್ತೆ ಎಳೆದುಕೊಳ್ಳಬಹುದು. ನಕ್ಷತ್ರದ ಹಿಂದೆ ಓಡಿ ಗುಂಡಿಗೆ ಬೀಳದವರು ಯಾರಿದ್ದಾರೆ ಹೇಳಿ.

ನುಂಗಿದವರ ಗತಿ ಏನಾಗುತ್ತೆ?

ನಗಬೇಡಿ, ಜನ ಜಾಸ್ತಿ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ನೇರ ಉತ್ತರವನ್ನು ಆಟ ಕೊಡುವುದಿಲ್ಲ. ಆದರೆ 1996ರ 'ಕಿರ್ಬಿ ಸೂಪರ್ ಸ್ಟಾರ್' ನೋಡಿ. ಅಲ್ಲಿ ನುಂಗಿ ಪಡೆದ ಶಕ್ತಿಯನ್ನೇ ಹೊರಗೆ ತೆಗೆದರೆ ಅದು ಜೊತೆಗಾರನಾಗುತ್ತದೆ. ಈಗಷ್ಟೇ ಹೊಟ್ಟೆಗೆ ಹೋದ ಬ್ಲೇಡ್ ನೈಟ್ ಎದ್ದು ನಿಂತು ನಿಮ್ಮ ಪರ ಕತ್ತಿ ಬೀಸುತ್ತಾನೆ! ಎರಡನೇ ಕಂಟ್ರೋಲರ್ ಇದ್ದರೆ ಗೆಳೆಯರೊಬ್ಬರು ಅವನನ್ನು ಆಡಿಸಬಹುದು. 2006ರ 'ಸ್ಕ್ವೀಕ್ ಸ್ಕ್ವಾಡ್'ನಲ್ಲಂತೂ ಎರಡು ಪರದೆಯ ನಿಂಟೆಂಡೊ ಡಿಎಸ್‌ನ ಕೆಳಗಿನ ಪರದೆಯಲ್ಲಿ ಕಿರ್ಬಿಯ ಹೊಟ್ಟೆಯನ್ನೇ ತೋರಿಸುತ್ತಾರೆ. ಒಳಗೆ ನಿಧಿ ಪೆಟ್ಟಿಗೆಗಳು ತೇಲುತ್ತಿರುತ್ತವೆ.

ಯಾವ ಶಕ್ತಿ ಬೆಸ್ಟ್?

ಹೊಸಬರಿಗೆ ಸೋರ್ಡ್. ಕೈಗೆ ಬೇಗ ಹತ್ತುತ್ತದೆ. ಬಾಸ್ ಬೇಗ ಮುಗಿಸಬೇಕಾ? ಹ್ಯಾಮರ್. ನಿಧಾನ, ಆದರೆ ಬಿದ್ದ ಏಟು ಏಟೇ. ನನ್ನ ಆಯ್ಕೆ ಮಾತ್ರ ಯಾವಾಗಲೂ ಸ್ಟೋನ್. ಹಾರುತ್ತಾ ಬಾಸ್ ತಲೆಯ ಮೇಲಕ್ಕೆ ಹೋಗಿ ಧಡ್ ಅಂತ ಕಲ್ಲಾಗಿ ಬೀಳುವುದು. ಕಲ್ಲಾಗಿರುವಾಗ ಏಟು ತಗಲುವುದಿಲ್ಲ. ಆಟದ ಚುರುಕೆಲ್ಲ ಹಾಳಾಗುತ್ತೆ ಅಂತ ಬೈಯುವವರಿದ್ದಾರೆ, ಬೈಯಲಿ.

ಕ್ರ್ಯಾಶ್ ಒಂದೇ ಸಲ ಬಳಸುವ ಬಾಂಬು, ಪರದೆ ಪೂರ್ತಿ ಸಾಫ್. ಮೈಕ್ ಮೂರು ಸಲ. ಕಿರ್ಬಿಯ ಹಾಡು ಅಷ್ಟು ಘೋರ, ಕೇಳಿದ ಶತ್ರುಗಳು ಸಾಯುತ್ತಾರೆ.

ಸ್ಲೀಪ್ ಯಾಕೆ ಇದೆ? ಏನೂ ಪ್ರಯೋಜನವಿಲ್ಲವಲ್ಲ?

ತಮಾಷೆಗೆ. ಸಿಕ್ಕಿದ್ದನ್ನೆಲ್ಲ ನುಂಗಬೇಡ ಅಂತ ಹೇಳುವ ಒಂದು ಚೇಷ್ಟೆ. ಆಕಳಿಸುತ್ತಾ ಬರುವ ಶತ್ರುವನ್ನು ನುಂಗಿದರೆ ನೀವೂ ಅಲ್ಲೇ ಮಲಗುತ್ತೀರಿ, ಸುತ್ತ ಇದ್ದವರು ಬಂದು ಗುದ್ದಿ ಹೋಗುತ್ತಾರೆ. 2022ರ 'ಫರ್ಗಾಟನ್ ಲ್ಯಾಂಡ್'ನಲ್ಲಿ ಇದಕ್ಕೂ ಅದೃಷ್ಟ ಖುಲಾಯಿಸಿತು. ಅಲ್ಲಿ ಡೀಪ್ ಸ್ಲೀಪ್ ಆಗಿ ಬೆಳೆಸಿಕೊಂಡರೆ ಮಲಗಿದಷ್ಟು ಹೊತ್ತು ಜೀವ ತುಂಬುತ್ತದೆ.

ಎರಡು ಶಕ್ತಿ ಬೆರೆಸೋದು ಯಾವ ಆಟದಲ್ಲಿ?

2000ದಲ್ಲಿ ಬಂದ 'ಕಿರ್ಬಿ 64'ರಲ್ಲಿ. ಮೂಲ ಶಕ್ತಿಗಳು ಏಳೇ. ಒಂದನ್ನು ಇನ್ನೊಂದರ ಜೊತೆ, ಅಥವಾ ಅದರದೇ ಜೊತೆ ಬೆರೆಸಿದರೆ 28 ಹೊಸ ಶಕ್ತಿ. ಬಾಂಬ್ ಮತ್ತು ಬಾಂಬ್ ಸೇರಿದರೆ ಶತ್ರುವನ್ನು ಹುಡುಕಿಕೊಂಡು ಹೋಗುವ ಕ್ಷಿಪಣಿ. ಸ್ಪಾರ್ಕ್ ಮತ್ತು ಕಟರ್ ಸೇರಿದರೆ ಎರಡೂ ತುದಿ ಹೊಳೆಯುವ ಕತ್ತಿ. ಐಸ್ ಮತ್ತು ಸ್ಪಾರ್ಕ್ ಸೇರಿದರೆ? ಕಿರ್ಬಿ ಫ್ರಿಜ್ ಆಗುತ್ತಾನೆ. ಬಾಗಿಲು ತೆರೆದು ತಿಂಡಿ ಎಸೆಯುತ್ತಾನೆ. ತಗಲಿದ ಶತ್ರು ಸಾಯುತ್ತಾನೆ, ಕೆಳಗೆ ಬಿದ್ದದ್ದನ್ನು ಎತ್ತಿ ತಿಂದರೆ ನಿಮಗೆ ಜೀವ ಬರುತ್ತದೆ. ಐಸು, ಕರೆಂಟು, ಫ್ರಿಜ್ಜು. ಈ ತರ್ಕವನ್ನು ಯಾರು ತಾನೇ ಬೇಡ ಅಂತಾರೆ.

ಆ ಆಟ ಮುಗಿದ ಮೇಲೆ ಈ ಬೆರಕೆ ಮತ್ತೆ ಅದೇ ರೂಪದಲ್ಲಿ ಬರಲಿಲ್ಲ ಅನ್ನುವುದು ಹಳೇ ಅಭಿಮಾನಿಗಳ ಹಳೇ ಕೊರಗು. ನನ್ನದೂ ಹೌದು.

ಆಟ ತೀರಾ ಸುಲಭ ಅಲ್ವಾ?

ಹೌದು, ಬೇಕಂತಲೇ. ಮೊದಲ ಆಟವನ್ನು ಸಕುರಾಯ್ ಮಾಡಿದ್ದೇ ಹೊಸಬರಿಗಾಗಿ. ಹಾರುವುದು ಗೊತ್ತಿದ್ದರೆ ಅರ್ಧ ದಾರಿ ಗಾಳಿಯಲ್ಲೇ ದಾಟಬಹುದು. ಆದರೆ ಅದೇ ಗೇಮ್ ಬಾಯ್ ಆಟದಲ್ಲೂ ಟೈಟಲ್ ಪರದೆಯಲ್ಲಿ ಮೇಲಿನ ಬಟನ್, ಎ ಮತ್ತು ಸೆಲೆಕ್ಟ್ ಒಟ್ಟಿಗೆ ಒತ್ತಿದರೆ ಎಕ್ಸ್‌ಟ್ರಾ ಗೇಮ್ ತೆರೆಯುತ್ತದೆ. ಅದು ಆಡಿದವರು 'ಸುಲಭ' ಅನ್ನುವ ಪದ ಮತ್ತೆ ಎತ್ತುವುದಿಲ್ಲ.

ಇದು ಸರಣಿಯ ಉದ್ದಕ್ಕೂ ಇರುವ ಅಭ್ಯಾಸ. ಮುಂಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಹಿತ್ತಲ ಬಾಗಿಲಿಗೆ ಬೀಗ. ಕತ್ತಲೆಲ್ಲ ಹೆಚ್ಚಾಗಿ ಆ ಹಿತ್ತಲಲ್ಲೇ ಇರುವುದು. ಇದೊಂದು ತಲೆಯಲ್ಲಿಟ್ಟುಕೊಂಡರೆ ಕೆಳಗಿನ ಅರ್ಧ ಪ್ರಶ್ನೆಗಳಿಗೆ ಉತ್ತರ ನಿಮಗೇ ಹೊಳೆಯುತ್ತದೆ.

ಈ ಕತ್ತಲು ಮೊದಲಿಂದಲೂ ಇತ್ತಾ, ಆಮೇಲೆ ಬಂತಾ?

ಒಂದು ಚೂರು ಮೊದಲ ಆಟದಲ್ಲೇ ಇತ್ತು. ಸ್ಕಾರ್ಫಿ ಅಂತ ಒಂದು ಶತ್ರು. ದುಂಡು ಮುಖ, ಬೆಕ್ಕಿನ ಕಿವಿ, ಮುದ್ದು ಕಣ್ಣು, ಗಾಳಿಯಲ್ಲಿ ಸುಮ್ಮನೆ ತೇಲುತ್ತಿರುತ್ತದೆ. ಎಲ್ಲರನ್ನೂ ಎಳೆದುಕೊಂಡ ಹಾಗೆ ಇದನ್ನೂ ಎಳೆಯಲು ಬಾಯಿ ತೆರೆಯಿರಿ. ಅದು ಬರುವುದಿಲ್ಲ. ಮುಖ ಬದಲಾಗುತ್ತದೆ. ಎರಡು ಕಣ್ಣು ಹೋಗಿ ಒಂದೇ ದೊಡ್ಡ ಕಣ್ಣು, ಕೆಳಗೆ ಚೂಪು ಹಲ್ಲು. ಅಟ್ಟಿಸಿಕೊಂಡು ಬಂದು ಸಿಡಿಯುತ್ತದೆ. ಮುಂದೆ ಬರುವುದಕ್ಕೆಲ್ಲ ಇದೇ ಮಾದರಿ: ಮುದ್ದು ಮುಖ, ಕೆಣಕಿದರೆ ಒಂಟಿ ಕಣ್ಣು.

ಮೊದಲ ಬಾಸ್ ವಿಸ್ಪಿ ವುಡ್ಸ್ ಅಂತೂ ಒಂದು ಮರ. ಸೇಬು ಉದುರಿಸುತ್ತದೆ, ಗಾಳಿ ಊದುತ್ತದೆ. ಸೋತರೆ ಕಣ್ಣೀರು ಹಾಕುತ್ತದೆ. ಅದನ್ನು ಅಳಿಸಿ ಸೇಬು ತಿಂದು ಹೋಗುವವನು ನಮ್ಮ ಹೀರೋ.

ಕಿಂಗ್ ಡೆಡೆಡೆ ಕೆಟ್ಟವನಾ?

ಡ್ರೀಮ್ ಲ್ಯಾಂಡಿನ ರಾಜ ಅಂತ ತಾನೇ ಹೇಳಿಕೊಳ್ಳುವವನು. ಮೊದಲ ಆಟದಲ್ಲಿ ಊಟ ಕದ್ದ, ಅಷ್ಟು ಮಾತ್ರ. 'ಅಡ್ವೆಂಚರ್'ನಲ್ಲಿ ಕನಸಿನ ಚಿಲುಮೆಗೆ ಶಕ್ತಿ ಕೊಡುವ ಸ್ಟಾರ್ ರಾಡ್ ಅನ್ನುವ ಕೋಲು ಮುರಿದು ತುಂಡುಗಳನ್ನು ಅಲ್ಲಲ್ಲಿ ಬಚ್ಚಿಟ್ಟ, ಊರಿಗೆ ಕನಸೇ ಇಲ್ಲದ ಹಾಗೆ ಮಾಡಿದ. ನೀವು ಸಿಟ್ಟಿನಿಂದ ಹೋಗಿ ಎಲ್ಲ ತುಂಡು ಕೂಡಿಸಿ, ಅವನನ್ನು ಸೋಲಿಸಿ, ರಾಡನ್ನು ಚಿಲುಮೆಗೆ ವಾಪಸ್ ಇಡುತ್ತೀರಿ. ಆಗ ಗೊತ್ತಾಗುತ್ತದೆ, ಒಳಗಿದ್ದ ನೈಟ್‌ಮೇರ್ ಹೊರಗೆ ಬರಬಾರದು ಅಂತಲೇ ಅವನು ಅದನ್ನು ಮುರಿದಿದ್ದ. ಅನಾಹುತ ಮಾಡಿದ್ದು ನೀವು. ಮಕ್ಕಳ ಆಟದಲ್ಲಿ, 1993ರಲ್ಲಿ, ಇಂಥ ತಿರುವು.

ಆಮೇಲೆ ಬೇರೆ ಬೇರೆ ಶಕ್ತಿಗಳು ಅವನ ಮೈಮೇಲೆ ಬರುವುದು ಮಾಮೂಲಾಯಿತು. 'ಡ್ರೀಮ್ ಲ್ಯಾಂಡ್ 3'ರಲ್ಲಿ ಡಾರ್ಕ್ ಮ್ಯಾಟರ್ ಅನ್ನುವ ಕತ್ತಲ ಜೀವಿ ಹಿಡಿದಾಗ ಅವನ ಹೊಟ್ಟೆಯೇ ಸೀಳಿ ಹಲ್ಲಿನ ಬಾಯಾಗುತ್ತದೆ. ಪಾಪದ ಮನುಷ್ಯ. ಮನುಷ್ಯ ಅಲ್ಲ, ಯಾವ ಪ್ರಾಣಿ ಅನ್ನೋದು ಬೇರೆ ಜಗಳ.

ನಿಜವಾಗಲೂ ರಕ್ತ ತೋರಿಸುತ್ತಾರಾ?

ತೋರಿಸುತ್ತಾರೆ. 1997ರ 'ಡ್ರೀಮ್ ಲ್ಯಾಂಡ್ 3'. ಆ ಆಟದ ಚಿತ್ರಗಳು ಮಕ್ಕಳು ಕ್ರೇಯಾನ್‌ನಲ್ಲಿ ಬರೆದ ಹಾಗೆ ಮೆತ್ತಗೆ. ಪ್ರತಿ ಲೆವೆಲ್‌ನಲ್ಲೂ ಯಾರಿಗಾದರೂ ಒಂದು ಸಣ್ಣ ಉಪಕಾರ ಮಾಡಿದರೆ ಹಾರ್ಟ್ ಸ್ಟಾರ್ ಸಿಗುತ್ತದೆ. ಮೊಟ್ಟಮೊದಲ ಲೆವೆಲ್‌ನ ಉಪಕಾರ ಏನು ಗೊತ್ತಾ? ಟ್ಯುಲಿಪ್ ಹೂಗಳನ್ನು ತುಳಿಯದೆ ಹೋಗುವುದು.

ಹಾಗೆ ಹೂ ತುಳಿಯದೆ, ಎಲ್ಲರಿಗೂ ಒಳ್ಳೆಯದು ಮಾಡುತ್ತಾ ಎಲ್ಲ ಹಾರ್ಟ್ ಸ್ಟಾರ್ ಕೂಡಿಸಿದವರಿಗೆ ಸಿಗುವ ಬಹುಮಾನ ಜೀರೋ. ಪರದೆ ತುಂಬ ಒಂದು ಬಿಳಿ ಗೋಲ, ನಡುವೆ ಕೆಂಪು ಕಣ್ಣು. ಕಣ್ಣಿನಿಂದ ಕೆಂಪು ಹನಿಗಳನ್ನು ಎರಚುತ್ತದೆ. ನಿಮ್ಮ ಕೈಯಲ್ಲಿರುವುದು ಲವ್ ಲವ್ ಸ್ಟಿಕ್ ಅನ್ನುವ ಹೃದಯ ಎಸೆಯುವ ಕೋಲು. ಹೊಡೆದು ಹೊಡೆದು ಇನ್ನೇನು ಮುಗಿಯಿತು ಅನ್ನುವಾಗ ಆ ಕೆಂಪು ಪಾಪೆ ಬಿಳಿಯ ಭಾಗದಿಂದ ಕಿತ್ತುಕೊಂಡು ಹೊರಬರುತ್ತದೆ. ಹಿಂದೆ ರಕ್ತ ಚಿಮ್ಮುತ್ತದೆ. ಅದು ನೇರ ನಿಮ್ಮ ಮೇಲೆ ನುಗ್ಗುತ್ತದೆ.

ನಾನು ಮೊದಲ ಸಲ ನೋಡಿದಾಗ ಕೋಲು ಎಸೆಯುವುದನ್ನೇ ಮರೆತು ಕೂತುಬಿಟ್ಟೆ. ಸತ್ತೆ. ಮತ್ತೆ ಮೊದಲಿಂದ.

ಎಲ್ಲ ಹಾರ್ಟ್ ಸ್ಟಾರ್ ಕೂಡಿಸದಿದ್ದರೆ ಜೀರೋ ಬರುವುದೇ ಇಲ್ಲ. ಆಟ ಹಾಗೇ ಮುಗಿಯುತ್ತದೆ. ಅರ್ಧ ಜನ ಆ ಕಣ್ಣನ್ನು ನೋಡದೇ ಕಾರ್ಟ್ರಿಜ್ ತೆಗೆದಿಟ್ಟಿರುತ್ತಾರೆ.

'64'ರ ಜೀರೋ ಟೂ ಅದೇನಾ?

ಅದರದೇ ಇನ್ನೊಂದು ರೂಪ ಅಂತ ಎಲ್ಲರೂ ಓದುತ್ತಾರೆ. ಈ ಸಲ ತಲೆಯ ಮೇಲೆ ಪ್ರಭೆಯ ಉಂಗುರ, ಬೆನ್ನಿಗೆ ರೆಕ್ಕೆ, ಒಂದು ಕಡೆ ಅಂಟಿಸಿದ ಬ್ಯಾಂಡೇಜು. ಕಣ್ಣಿನಲ್ಲಿ ರಕ್ತದ ಹನಿ. ಸತ್ತು ದೇವದೂತನಾಗಿ ಬಂದಿದೆ ಅನ್ನುವ ಹಾಗೆ. ಎಲ್ಲ ಹರಳು ಕೂಡಿಸಿದರೆ ಮಾತ್ರ ಇದರ ದರ್ಶನ. ಹೊಡೆಯುವಾಗ ಹಿಂದೆ ಬರುವ ಸಂಗೀತ ಯುದ್ಧದ್ದಲ್ಲ, ಸೂತಕದ್ದು.

ಶಿವರ್ ಸ್ಟಾರ್ ನಮ್ಮ ಭೂಮಿನಾ?

ಅದೇ ಆಟದ ಹಿಮದ ಗ್ರಹ. ದೂರದಿಂದ ನೋಡಿದರೆ ಭೂಖಂಡಗಳ ಆಕಾರ ಭೂಮಿಯದೇ ಅನ್ನಿಸುತ್ತದೆ. ಒಳಗೆ ಶಾಪಿಂಗ್ ಮಾಲ್ ಇದೆ, ಫ್ಯಾಕ್ಟರಿ ಇದೆ. ಫ್ಯಾಕ್ಟರಿ ಓಡುತ್ತಲೇ ಇದೆ, ಓಡಿಸುವವರಿಲ್ಲ. ಮನುಷ್ಯರು ಹೋದ ಮೇಲಿನ ಭೂಮಿ ಅನ್ನುವುದು ಅಭಿಮಾನಿಗಳ ಊಹೆ. ಆಟ ಎಲ್ಲೂ ಹೌದು ಅನ್ನುವುದಿಲ್ಲ. ನನಗೆ ನಂಬಿಕೆ ಅರ್ಧಂಬರ್ಧ. ಆದರೆ ಆ ಮಾಲ್‌ನಲ್ಲಿ ಕಿರ್ಬಿ ಒಬ್ಬನೇ ಓಡಾಡುವಾಗ ಮೈ ಜುಂ ಅನ್ನುತ್ತದೆ.

ಗೆಳೆಯ ಅಂತ ಬಂದವರೆಲ್ಲ ಯಾಕೆ ಕೈಕೊಡುತ್ತಾರೆ?

ಮಾರ್ಕ್ಸ್‌ನಿಂದ ಶುರುವಾಯಿತು. 'ಸೂಪರ್ ಸ್ಟಾರ್'ನಲ್ಲಿ ಬರುವ ವಿದೂಷಕ. ಸೂರ್ಯ ಚಂದ್ರ ಜಗಳಾಡ್ತಿದ್ದಾರೆ, ಬೇಡಿದ್ದನ್ನು ಕೊಡುವ ನೋವಾ ಹತ್ತಿರ ಹೋಗಿ ಬೇಡಿಕೋ ಅಂತ ಕಿರ್ಬಿಯನ್ನು ಕಳಿಸುತ್ತಾನೆ. ಕಿರ್ಬಿ ಬೇಡಿಕೊಳ್ಳುವಷ್ಟರಲ್ಲಿ ತಾನು ನುಗ್ಗಿ ಇಡೀ ಗ್ರಹ ನನ್ನದಾಗಲಿ ಅನ್ನುತ್ತಾನೆ. ಜಗಳ ಹಚ್ಚಿದವನೂ ಇವನೇ.

2011ರ 'ರಿಟರ್ನ್ ಟು ಡ್ರೀಮ್ ಲ್ಯಾಂಡ್'ನಲ್ಲಿ ಮ್ಯಾಗೊಲರ್ ಅದೇ ಆಟ ಹೂಡುತ್ತಾನೆ. ಹಡಗು ಕೆಟ್ಟಿದೆ, ಭಾಗ ಹುಡುಕಿಕೊಡಿ ಅಂತಾನೆ. ನೀವು ಹುಡುಕಿಕೊಡುತ್ತೀರಿ, ಅವನು ಹೇಳಿದ ಶತ್ರುವನ್ನೂ ಹೊಡೆಯುತ್ತೀರಿ, ಕಿರೀಟ ಅವನ ತಲೆಗೆ ಹೋಗುತ್ತದೆ. 2023ರ ಡೀಲಕ್ಸ್ ಆವೃತ್ತಿಯಲ್ಲಿ ಶಕ್ತಿಯೆಲ್ಲ ಕಳೆದುಕೊಂಡ ಮ್ಯಾಗೊಲರ್‌ನನ್ನೇ ಆಡಿಸುವ ಒಂದು ಉಪಕಥೆ ಸೇರಿಸಿದ್ದಾರೆ. ಕೈಕೊಟ್ಟವನ ಮೇಲೆ ಮರುಕ ಬರುವ ಹಾಗೆ ಮಾಡಿದ್ದಾರೆ, ಕಿಲಾಡಿಗಳು.

'ಸೋಲ್' ಬಾಸ್ ಅಂದರೆ ಏನು?

ಸೋಲ್ ಅಂದರೆ ಇಂಗ್ಲಿಷಿನ 'soul', ಆತ್ಮ. ಒಮ್ಮೆ ಸತ್ತವನು ಮತ್ತೆ ಬಂದರೆ ಸೋಲ್. ಈ ಹೆಸರಿಟ್ಟ ಮೊದಲನೆಯದು 2005ರ ಡ್ರಾಸಿಯಾ ಸೋಲ್. ಜಾಸ್ತಿ ಹೆಸರಾದದ್ದು 2008ರ 'ಸೂಪರ್ ಸ್ಟಾರ್ ಅಲ್ಟ್ರಾ'ದ ಮಾರ್ಕ್ಸ್ ಸೋಲ್. ಟ್ರೂ ಅರೇನಾ ಅನ್ನುವ ಸಾಲು ಕಾಳಗದ ಕೊನೆಯಲ್ಲಿ ಬರುತ್ತಾನೆ. ಸೋತಾಗ ಕಿರುಚುತ್ತಾ ಎರಡು ಹೋಳಾಗುತ್ತಾನೆ. ಆ ಕಿರುಚಾಟ ಒಂದು ಸಲ ಕೇಳಿದರೆ ಸಾಕು. 2014ರ 'ಟ್ರಿಪಲ್ ಡೀಲಕ್ಸ್'ನಲ್ಲಿ ಸೆಕ್ಟೋನಿಯಾ ರಾಣಿಯ ಸೋಲ್ ಗಿಡದಿಂದ ತಲೆ ಕಿತ್ತುಕೊಂಡು ಹಾರಾಡುತ್ತಾ ಹೊಡೆದಾಡುತ್ತದೆ.

ಪಾಜ್ ಪರದೆ ಓದಲೇಬೇಕು ಅಂತಾರಲ್ಲ, ಯಾಕೆ?

ಈಚಿನ ಆಟಗಳಲ್ಲಿ ಕಥೆಯ ಅರ್ಧ ಅಲ್ಲೇ ಇದೆ. ಶಿನ್ಯಾ ಕುಮಾಜಾಕಿ ನಿರ್ದೇಶನಕ್ಕೆ ಬಂದ ಮೇಲೆ ಇದು ಪದ್ಧತಿಯಾಯಿತು. ಬಾಸ್ ಜೊತೆ ಹೊಡೆದಾಡುವಾಗ ಆಟ ನಿಲ್ಲಿಸಿ ನೋಡಿ. ಆ ಬಾಸ್ ಬಗ್ಗೆ ನಾಲ್ಕು ಸಾಲು ಇರುತ್ತದೆ. ಮಕ್ಕಳು ಯಾರೂ ಓದಲ್ಲ. ದೊಡ್ಡವರು ಓದಿ ಮಂಕಾಗುತ್ತಾರೆ.

ಸೆಕ್ಟೋನಿಯಾ ಮೊದಲು ಹಾಗಿರಲಿಲ್ಲ. ಗೆಳೆಯ ಟರಾಂಜಾ ಪ್ರೀತಿಯಿಂದ ಕೊಟ್ಟ ಕನ್ನಡಿ ಅವಳ ತಲೆ ಕೆಡಿಸಿತು. ಅಂದದ ಹುಚ್ಚು ಹತ್ತಿತು. ಅಷ್ಟಾದರೂ ಅವಳಿಗೆ ಸೇವೆ ಮಾಡಿಕೊಂಡಿದ್ದವನು ಅದೇ ಟರಾಂಜಾ.

2016ರ 'ಪ್ಲಾನೆಟ್ ರೋಬೊಬಾಟ್' ಇನ್ನೂ ಭಾರ. ಗ್ರಹವನ್ನೇ ಯಂತ್ರ ಮಾಡಲು ಬಂದ ಕಂಪನಿಯ ಅಧ್ಯಕ್ಷ ಹಾಲ್ಟ್‌ಮನ್. ಕಳೆದುಹೋದ ಮಗಳನ್ನು ವಾಪಸ್ ಪಡೆಯಲು ಸ್ಟಾರ್ ಡ್ರೀಮ್ ಅನ್ನುವ ಯಂತ್ರ ನಡೆಸುತ್ತಾನೆ. ಅದನ್ನು ಬಳಸಿದಷ್ಟೂ ಅವನ ನೆನಪು ಅಳಿಯುತ್ತದೆ. ಮಗಳು ಸೂಸಿ ಅವನ ಕಾರ್ಯದರ್ಶಿಯಾಗಿ ಪಕ್ಕದಲ್ಲೇ ನಿಂತಿದ್ದಾಳೆ. ಅವನಿಗೆ ಗುರುತು ಸಿಗುವುದಿಲ್ಲ. ಕೊನೆಗೆ ಯಂತ್ರ ಅವನನ್ನೂ ನುಂಗುತ್ತದೆ. ಇದೆಲ್ಲ ಆಟ ಬಾಯಿಬಿಟ್ಟು ಹೇಳುವುದಿಲ್ಲ, ನೀವೇ ತುಂಡು ಜೋಡಿಸಿಕೊಳ್ಳಬೇಕು. ಅಷ್ಟೂ ಹೊತ್ತು ಕಿರ್ಬಿ ಗುಲಾಬಿ ರೋಬೋಟಿನಲ್ಲಿ ಕೂತು ಖುಷಿಯಾಗಿ ಸ್ಕ್ರೂ ತಿರುಗಿಸುತ್ತಿರುತ್ತಾನೆ.

'ಫರ್ಗಾಟನ್ ಲ್ಯಾಂಡ್'ನ ಲ್ಯಾಬ್ ಬಗ್ಗೆ ಯಾಕೆ ಅಷ್ಟು ಮಾತು?

ಇಡೀ ಆಟ ಪಾಳು ಬಿದ್ದ ಲೋಕದಲ್ಲಿ ನಡೆಯುತ್ತದೆ. ಕಿರ್ಬಿ ಕಾರನ್ನೂ, ತಂಪು ಪಾನೀಯದ ಯಂತ್ರವನ್ನೂ ಬಾಯಿಗೆ ಸಿಕ್ಕಿಸಿಕೊಂಡು ಓಡಾಡುತ್ತಾನೆ. ನಗುತ್ತಾ ನಗುತ್ತಾ ಕೊನೆಗೆ ಲ್ಯಾಬ್ ಡಿಸ್ಕವೆರಾ ತಲುಪುತ್ತೀರಿ. ಅಲ್ಲಿ ಪ್ರವಾಸಿಗರಿಗೆ ವಿವರಣೆ ಕೊಡುವ ಒಂದು ರೆಕಾರ್ಡ್ ಮಾಡಿದ ದನಿ ಇನ್ನೂ ಚಾಲೂ ಇದೆ. ಬೇರೆ ಲೋಕದಿಂದ ದಾಳಿ ಮಾಡಿದ ಜೀವಿಯನ್ನು ಹಿಡಿದೆವು, ಐಡಿ-ಎಫ್86 ಅಂತ ಹೆಸರಿಟ್ಟೆವು, ಪ್ರಯೋಗ ಮಾಡಿದೆವು, ಅದರ ಶಕ್ತಿ ಬಳಸಿ ಬೇರೆ ಲೋಕಕ್ಕೆ ಹೊರಟೆವು. ಎಲ್ಲ ಹಸನ್ಮುಖದ ಗೈಡ್ ಧಾಟಿಯಲ್ಲಿ. ಕೇಳಲು ಪ್ರವಾಸಿಗರೇ ಇಲ್ಲ. ನಿಮ್ಮ ಪಕ್ಕದಲ್ಲಿ ಹಾರುತ್ತಿರುವ ಪುಟ್ಟ ಎಲ್ಫಿಲಿನ್ ಆ ಜೀವಿಯಿಂದ ಒಡೆದು ಬಂದ ತುಂಡು ಅಂತ ಅಲ್ಲೇ ತಿಳಿಯುತ್ತದೆ.

ಈ ಸಲ ಬೀಗವಿಲ್ಲ, ಗಮನಿಸಿ. ಮಾಮೂಲಿಯಾಗಿ ಆಡಿದ ಎಲ್ಲರೂ ಆ ದನಿ ಕೇಳಲೇಬೇಕು.

ಕಿರ್ಬಿಯೇ ಆ ಕತ್ತಲಿನ ವಂಶದವನಾ?

2018ರ 'ಸ್ಟಾರ್ ಅಲೈಸ್'ನ ಕೊನೆಯ ಬಾಸ್ ವಾಯ್ಡ್ ಟರ್ಮಿನಾದ ಒಳಗಿನ ಗೋಲಕ್ಕೆ ಕಿರ್ಬಿಯ ಮುಖಭಾವ ಇದೆ, ಜೀರೋ ಕಣ್ಣೂ ಇದೆ. ಹಳೇ ಆಟದ ಗೂಯಿ ಡಾರ್ಕ್ ಮ್ಯಾಟರ್ ಥರದ್ದೇ ವಸ್ತು, ಆದರೂ ಕಿರ್ಬಿಯ ಗೆಳೆಯ. ಸದಾ ಮುಖವಾಡ ಹಾಕಿರುವ ಕತ್ತಿವೀರ ಮೆಟಾ ನೈಟ್‌ನ ಮುಖವಾಡ ಸೀಳಿದರೆ ಒಳಗೆ ಕಿರ್ಬಿಯ ಮುಖವೇ ನೀಲಿ ಬಣ್ಣದಲ್ಲಿ. ತಕ್ಷಣ ಓಡಿಹೋಗುತ್ತಾನೆ. ಸುಳಿವು ಇಷ್ಟಿದ್ದರೂ ಆಟ ಒಂದು ಮಾತೂ ಆಡುವುದಿಲ್ಲ. ಒಂದೇ ಮಣ್ಣು, ಬೇರೆ ಬೇರೆ ಬೊಂಬೆ ಅನ್ನುವುದು ನನ್ನ ಓದು. ಸ್ನೇಹಿತರು ಸಿಕ್ಕಿದ್ದು ಕಿರ್ಬಿ, ಸಿಗದಿದ್ದದ್ದು ಜೀರೋ.

ಅತಿ ಕಷ್ಟದ ಬಾಸ್ ಯಾರು?

ಟ್ರೂ ಅರೇನಾದ ಕೊನೆಯಲ್ಲಿ ಬರುವವರು ಯಾರಾದರೂ ಸರಿ. ಅಲ್ಲಿ ಕಷ್ಟ ಬಾಸ್‌ದಲ್ಲ, ಒಬ್ಬರ ಹಿಂದೆ ಒಬ್ಬರು ಬರುವುದು ಮತ್ತು ಜೀವ ತುಂಬುವ ವಸ್ತುಗಳು ಎಣಿಸಿದಷ್ಟೇ ಇರುವುದು.

ಚಿಕ್ಕ ಮಕ್ಕಳಿಗೆ ಕೊಡಬಹುದಾ?

ಧಾರಾಳವಾಗಿ. ರಕ್ತದ ಹನಿ ಕಾಣುವುದು ಮೇಲೆ ಹೇಳಿದ ಎರಡು ಹಳೇ ಆಟಗಳಲ್ಲಿ, ಅದೂ ಎಲ್ಲ ಕೂಡಿಸಿದವರಿಗೆ. ತೀರಾ ಪುಟ್ಟವರಿದ್ದರೆ ಕೊನೆಯ ಬಾಸ್ ಹೊತ್ತಿಗೆ ಪಕ್ಕದಲ್ಲಿ ಕೂತಿರಿ.

ಎಲ್ಲಿಂದ ಶುರು ಮಾಡಲಿ?

ಹೊಸದು ಬೇಕಾದರೆ 'ಫರ್ಗಾಟನ್ ಲ್ಯಾಂಡ್'. ಹಳೆಯದು ಬೇಕಾದರೆ 'ಸೂಪರ್ ಸ್ಟಾರ್', ಸಣ್ಣ ಸಣ್ಣ ಆಟಗಳ ಗೊಂಚಲು. ಕತ್ತಲಿಗಾಗಿಯೇ ಬಂದಿದ್ದರೆ 'ಡ್ರೀಮ್ ಲ್ಯಾಂಡ್ 3' ತೆಗೆಯಿರಿ. ಮೊದಲ ಲೆವೆಲ್‌ನಲ್ಲಿ ಹೂ ತುಳಿಯಬೇಡಿ.